ಇಪ್ಪತ್ತಕ್ಕೆ ಹದಿನೆಂಟೂವರೆ

ನಮ್ಮ ಮನೆಯ ಮಾಲೀಕ ಎವರಿಸ್ತೊ ಫುರ್ತಾದೊನನ್ನು ಯಾರಾದರೂ ದಡ್ಡ ಎಂದರೆ ನಾನು ಸುಮ್ಮನಿರುವವಳಲ್ಲ. ಹಾಗೆನ್ನುವ ಹಕ್ಕು ಇಬ್ಬರಿಗೆ ಮಾತ್ರ ಇದೆ. ಒಬ್ಬಳು ಅವನ ಹೆಂಡತಿ ಒಲಿಂಪಿಯ. ಇನ್ನೊಬ್ಬಳು ಅವನ ಮರದ ಮನೆಯ ಮೂರನೆಯ ಅಂತಸ್ತಿನಲ್ಲಿ ಬಾಡಿಗೆಗಿರುವ, ಬೇಕರಿಯಲ್ಲಿ ಸಿಹಿ ಬ್ರೆಡ್ಡು ಸುಡುವ ಇದಾಲಿನಾ, ಅಂದರೆ ನಾನು. ಆದರೆ ಇಡೀ ಫಾಲ್ ರಿವರ್ ಊರಿನಲ್ಲಿ ಆ ಹಕ್ಕನ್ನು ದಿನಾ ಚಲಾಯಿಸುತ್ತಿದ್ದವನು ಮಾತ್ರ ಒಲಿಂಪಿಯಳ ಅಣ್ಣ ಅರ್ಮಿಂದೊ.

ಅದಕ್ಕೆ ಕಾರಣ ನಾಲ್ಕನೇ ಕ್ಲಾಸು. ನಾವೆಲ್ಲ ಹುಟ್ಟಿ ಬೆಳೆದ ಕಡಲಾಚೆಯ ದ್ವೀಪದ ಶಾಲೆಗಳಲ್ಲಿ ಅಂಕ ಕೊಡುವುದು ಇಪ್ಪತ್ತಕ್ಕೆ. ಹತ್ತು ಬಂದರೆ ಪಾಸು. ಹದಿನಾಲ್ಕು ಬಂದರೆ ಮೇಷ್ಟರು ಬೆನ್ನು ತಟ್ಟುತ್ತಾರೆ. ಹದಿನೇಳು ಬಂದರೆ ಊರೆಲ್ಲ ಸುದ್ದಿ. ಹದಿನೆಂಟು ದಾಟಿದವರನ್ನು ಕಣ್ಣಾರೆ ಕಂಡವರಿಲ್ಲ, ಪಾದ್ರಿಯ ತಮ್ಮನಿಗೆ ಬಂದಿತ್ತಂತೆ ಎಂಬ ಗಾಳಿಮಾತು ಅಷ್ಟೆ. ಒಂದೇ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದ ಈ ಇಬ್ಬರಲ್ಲಿ ಅರ್ಮಿಂದೊಗೆ ಹದಿನೇಳು ಬಂತು, ಎವರಿಸ್ತೊಗೆ ಒಂಬತ್ತು.

ಆಮೇಲೆ ಇಬ್ಬರೂ ಅಮೆರಿಕಕ್ಕೆ ಬಂದರು, ಒಂದೇ ಪರದೆ ಬಟ್ಟೆಯ ಗಿರಣಿಯಲ್ಲಿ ದುಡಿದರು, ಎದುರುಬದುರು ಮನೆ ಕೊಂಡರು. ವಿಮಾನ ಹತ್ತುವಾಗ ಎರಡು ಪೆಟ್ಟಿಗೆಗಿಂತ ಹೆಚ್ಚು ತರಬಾರದು ಎಂದಿದ್ದರಂತೆ. ಅರ್ಮಿಂದೊ ತನ್ನ ಹದಿನೇಳನ್ನು ಬಾಯಲ್ಲೇ ಇಟ್ಟುಕೊಂಡು ತಂದ. ಕ್ರಿಸ್ಮಸ್ ಊಟಕ್ಕೆ ಎವರಿಸ್ತೊ ಬ್ರೆಡ್ಡು ಕೊಯ್ಯುವಾಗ ಚೂರು ಸೊಟ್ಟಗಾದರೆ ಸಾಕು, "ಒಂಬತ್ತು ತಗೊಂಡವನ ಕೈಗೆ ಚಾಕು ಕೊಟ್ರೆ ಇನ್ನೇನಾಗುತ್ತೆ!" ಎಂದು ಮೇಜು ಕುಟ್ಟಿ ನಗುವನು. ಎವರಿಸ್ತೊ ತಾನೂ ನಗುವನು. ಆಮೇಲೆ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತ ನನ್ನ ಹತ್ತಿರ, "ಸಾಯೋದ್ರೊಳಗೆ ಒಂದೇ ಒಂದು ಸಲ ಭಾವನಿಗಿಂತ ಹೆಚ್ಚು ನಂಬರ್ ತಗೋಬೇಕು ಇದಾಲಿನಾ" ಎನ್ನುವನು. ಆ ವಯಸ್ಸಿನವನಿಗೆ ಯಾರು ಪರೀಕ್ಷೆ ಇಡುತ್ತಾರೆ, ಪಾಪ!

ಸರ್ಕಾರ ಇಟ್ಟಿತು.

ಆ ವರ್ಷ ಎರಡನೆಯ ಅಂತಸ್ತು ಖಾಲಿಯಾಯಿತು. ನೋಡಲು ಬಂದವಳು ಸೆಲೆಸ್ತ್ ಎಂಬ ಹುಡುಗಿ. ಗಂಡ ಲಾರಿ ಓಡಿಸುವವನು, ಸೊಂಟದ ಮೇಲೆ ನಾಲ್ಕು ವರ್ಷದ ಮಗಳು. ಮನೆ ಅವಳಿಗೆ ಮೆಚ್ಚಿಗೆಯಾಯಿತು. ಹೊರಡುವಾಗ, "ಸೆನ್ಯೋರ್, ಹಳೇ ಮನೆ ಅಲ್ವಾ, ಚಿಕ್ಕ ಮಗು ಬೇರೆ ಇದೆ. ಬಣ್ಣದಲ್ಲಿ ಸೀಸ ಎಷ್ಟಿದೆ ಅಂತ ಒಂದು ಪರೀಕ್ಷೆ ಮಾಡಿಸ್ಬೇಕು. ಕಾನೂನು" ಎಂದಳು.

"ಧಾರಾಳವಾಗಿ ಮಾಡ್ಸೋಣ ಕಣಮ್ಮ. ಈ ಮನೆ ಬಣ್ಣ ಹೆದರೋ ಅಂಥ ಪರೀಕ್ಷೆ ಇನ್ನೂ ಹುಟ್ಟಿಲ್ಲ" ಎಂದ ಎವರಿಸ್ತೊ.

ಅವಳು ಅತ್ತ ಹೋಗುತ್ತಲೂ ನಮಗೆ ಪಾಠ ಶುರುವಾಯಿತು. ಈ ಮನೆ ಮೊದಲು ಅವನ ಚಿಕ್ಕಪ್ಪನದು. ಬಣ್ಣ ಬಳಿದದ್ದೂ ಚಿಕ್ಕಪ್ಪನೇ. ಆತ ಅಂಗಡಿಯಲ್ಲಿ ಡಬ್ಬವನ್ನು ಕೈಯಲ್ಲಿ ತೂಗಿ ನೋಡದೆ ಕೊಳ್ಳುತ್ತಿರಲಿಲ್ಲವಂತೆ. "ಭಾರ ಇದ್ರೆ ಅದ್ರಲ್ಲಿ ಸೀಸ ಇದೆ, ಅಸಲಿ ಮಾಲು. ಹಗುರ ಇದ್ರೆ ಕಳ್ಳ ಸುಣ್ಣ ಬೆರೆಸಿದ್ದಾನೆ ಅಂತರ್ಥ. ಬಾಡಿಗೆಯೋರಿಗೆ ಮೋಸ ಆಗ್ಬಾರ್ದು ಅಂತ ಸರ್ಕಾರ ಈಗ ಪರೀಕ್ಷೆ ಮಾಡ್ತಿದೆ, ಅಕ್ಕಸಾಲಿ ಚಿನ್ನಾನ ಒರೆಗೆ ಹಚ್ಚಿ ನೋಡಲ್ವಾ, ಹಾಗೆ" ಎಂದ. ನಾನು ತಲೆಯಾಡಿಸಿದೆ. ನಂಬಿದೆನೋ ಎಂದು ಕೇಳಬೇಡಿ. ನಾನೂ ಅದೇ ದ್ವೀಪದ ನಾಲ್ಕನೇ ಕ್ಲಾಸು.

ಪರೀಕ್ಷೆಯ ದಿನ ಎವರಿಸ್ತೊ ಸಾವಿನ ಮನೆಗೆ ಹೋಗಲೆಂದು ಇಟ್ಟುಕೊಂಡ ಕರಿ ಸೂಟು ಹಾಕಿ, ಗೋಡೆಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ಕಾದ. ಬಂದವನು ಲಾವೋಯಿ ಎಂಬ ಉದ್ದನೆಯ ಬಡಕಲು ಇನ್‌ಸ್ಪೆಕ್ಟರು. ಮಾತು ಕಡಮೆ. ಕೈಯಲ್ಲಿ ಕೂದಲು ಒಣಗಿಸುವ ಯಂತ್ರದಂಥ ಒಂದು ಯಂತ್ರ. ಅದನ್ನು ಎರಡನೆಯ ಅಂತಸ್ತಿನ ಮುಂಕೋಣೆಯ ಕಿಟಕಿಕಟ್ಟೆಗೆ ಒತ್ತಿಹಿಡಿದ. ಅದು ಕೀಂ ಎಂದಿತು. ಲಾವೋಯಿ ಹುಬ್ಬೇರಿಸಿದ, ಮತ್ತೊಮ್ಮೆ ಒತ್ತಿದ. ಮತ್ತೆ ಕೀಂ ಎಂದಿತು. ಕಿವಿಯ ಸಂದಿಯಿಂದ ನೀಲಿ ಪೆನ್ಸಿಲು ತೆಗೆದು ಕಟ್ಟೆಯ ಪಕ್ಕದಲ್ಲೇ ದೊಡ್ಡದಾಗಿ ಬರೆದ: 18.5.

ಎವರಿಸ್ತೊ ಬಗ್ಗಿ ಆ ಅಂಕವನ್ನು ಎರಡೆರಡು ಸಲ ಓದಿದ.

"ಇದು... ಜಾಸ್ತಿನಾ?" ಎಂದ, ಕೇಳಿಸಿಯೂ ಕೇಳಿಸದಂತೆ.

"ಜಾಸ್ತಿನಾ?" ಎಂದ ಲಾವೋಯಿ. "ಈ ಕೆಲಸದಲ್ಲೇ ತಲೆ ಬೆಳ್ಳಗಾಯ್ತು ನಂದು. ಇಂಥದ್ದು ಇನ್ನೊಂದೇ ಒಂದು ಸಲ ನೋಡಿರೋದು."

"ಅದ್ಯಾರ ಮನೇಲಿ?"

"ಬೋಸ್ಟನ್ನಲ್ಲಿ. ಒಬ್ಬ ಜಡ್ಜ್ ಮನೇಲಿ."

ಎವರಿಸ್ತೊ ಗೋಡೆ ಹಿಡಿದುಕೊಂಡ. ಲಾವೋಯಿ ಬಾಗಿಲಿಗೆ ಹದಿನಾರು ಬರೆದ, ಕಿಟಕಿ ಚೌಕಟ್ಟಿಗೆ ಹದಿನೇಳೂವರೆ ಬರೆದ. ಗೋಡೆಗಳು ಜಾಣ ಹುಡುಗನ ಉತ್ತರಪತ್ರಿಕೆಯ ಹಾಗೆ ಕಾಣತೊಡಗಿದವು. "ವರದಿ ಅಂಚೇಲಿ ಬರುತ್ತೆ. ಅಲ್ಲಿವರೆಗೂ ಏನನ್ನೂ ಕೆರೀಬೇಡಿ, ಉಜ್ಜಬೇಡಿ, ಮುಟ್ಲೂಬೇಡಿ" ಎಂದು ತಲೆಯಾಡಿಸುತ್ತ ಹೊರಟುಹೋದ.

"ನೋಡಿದ್ಯಾ? ಮುಟ್ಲೂಬಾರ್ದಂತೆ. ಮ್ಯೂಸಿಯಮ್ಮಲ್ಲಿ ಹಾಗೇ ಹೇಳೋದು" ಎಂದ ಎವರಿಸ್ತೊ. ಕಣ್ಣಲ್ಲಿ ನೀರಿತ್ತು.

ಒಲಿಂಪಿಯ ಮಾತ್ರ ಮೂಗು ಮುರಿದಳು. "ಏನೋಪ್ಪ. ಪಾಸಾದೋರನ್ನ ನೋಡೋ ಮುಖ ಅಲ್ಲ ಅದು. ನಮ್ಮಪ್ಪಂಗೆ ಎಕ್ಸ್‌ರೇ ತೋರಿಸಿದ್ರಲ್ಲ ಡಾಕ್ಟ್ರು, ಅವರ ಮುಖ ಹೀಗೇ ಇತ್ತು."

"ನಿಮ್ಮಣ್ಣನ ಕಡೆಯೋಳು ನೀನು!" ಎಂದು ಅವನು ಅವಳ ಬಾಯಿ ಮುಚ್ಚಿಸಿದ. ಸೆಲೆಸ್ತ್ ಫೋನು ಮಾಡಿದಾಗ, "ಪಾಸಮ್ಮಾ, ಪಾಸು! ಡಿಸ್ಟಿಂಕ್ಷನ್ನು!" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಅವಳು ಸಾಮಾನು ಕಟ್ಟಲು ಕುಳಿತಳು.

ಇದು ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಆದರೆ ಆ ವರ್ಷ ಪವಿತ್ರಾತ್ಮನ ಬೆಳ್ಳಿ ಕಿರೀಟಕ್ಕೆ ಚೀಟಿ ಎತ್ತಿದಾಗ ಕೊನೆಯ ವಾರ ಎವರಿಸ್ತೊನ ಹೆಸರಿಗೇ ಬಂದಿತ್ತು. ನಮ್ಮ ಚರ್ಚಿನ ಪವಿತ್ರಾತ್ಮನ ಹಬ್ಬಕ್ಕೆ ಮುಂಚೆ ಈ ಕಿರೀಟ ವಾರಕ್ಕೊಂದು ಮನೆಯಲ್ಲಿರುತ್ತದೆ, ಸಂಜೆ ಕೇರಿಯವರೆಲ್ಲ ಆ ಮನೆಗೆ ಬಂದು ಜಪಮಾಲೆ ಹೇಳಿ, ಸಾರು ಉಂಡು ಹೋಗುತ್ತಾರೆ. ಹಬ್ಬದ ದಿನ ಅದೇ ಕಿರೀಟವನ್ನು ಒಂದು ಮಗುವಿನ ತಲೆಯ ಮೇಲಿಡುತ್ತಾರೆ. ಕೊನೆಯ ವಾರದ ಮನೆ ಎಂದರೆ ಸಾಮಾನ್ಯ ಗೌರವವಲ್ಲ. ಎವರಿಸ್ತೊ ಅದನ್ನು ಎರಡನೆಯ ಅಂತಸ್ತಿನ ಖಾಲಿ ಮುಂಕೋಣೆಯಲ್ಲಿ, ಹೂವು ದೀಪಗಳ ನಡುವೆ ಇಟ್ಟ. ಸರಿಯಾಗಿ ಹದಿನೆಂಟೂವರೆಯ ಪಕ್ಕದಲ್ಲಿ.

ಮೊದಲ ಸಂಜೆಯೇ ಜನ ಕಿರೀಟಕ್ಕೆ ಅರ್ಧ ಜಪ, ಕಿಟಕಿಕಟ್ಟೆಗೆ ಅರ್ಧ ಜಪ ಎಂಬಂತೆ ಕತ್ತು ತಿರುಗಿಸಿ ಕುಳಿತಿದ್ದರು. "ಇಪ್ಪತ್ತಕ್ಕೆ ಹದಿನೆಂಟೂವರೆ!" ಎಂದು ಮುದುಕಿಯರು ಎದೆ ಮೇಲೆ ಶಿಲುಬೆ ಹಾಕಿಕೊಂಡರು. ಅವರಲ್ಲೊಬ್ಬಳು, ಆಲ್ದಾ ಅಂತ, ಭಿನ್ನರಾಶಿಯಲ್ಲಿ ಸತತವಾಗಿ ಫೇಲಾಗುತ್ತಿದ್ದ ಮೊಮ್ಮಗನನ್ನು ಎಳೆತಂದು ಅವನ ಹಣೆಯನ್ನು ಕಟ್ಟೆಗೆ ಮುಟ್ಟಿಸಿದಳು. ಹುಡುಗ ಮರುದಿನ ಹೇಗೋ ಪಾಸಾಗಿಬಿಟ್ಟ. ಮುಗಿಯಿತಲ್ಲ! ಮಾರನೆಯ ಸಂಜೆ ಮೆಟ್ಟಿಲ ತುದಿಯವರೆಗೆ ಮಕ್ಕಳ ಸಾಲು. ಬೇಕರಿಯಲ್ಲಿ ನನ್ನ ಮರ್ಯಾದೆಯೂ ಏರಿತು. "ಆ ಮನೇಲೇ ಅಲ್ವಾ ನೀವಿರೋದು?" ಎಂದು ಗಿರಾಕಿಗಳು ಕೇಳುವರು. "ಹೌದು, ನಮ್ಮನೇಲೆ" ಎಂದು ನಾನು ಕತ್ತು ಕೊಂಕಿಸುತ್ತಿದ್ದೆ.

ಅರ್ಮಿಂದೊಗೆ ತಡೆಯಲಾಗಲಿಲ್ಲ. ಕನ್ನಡಕ ಹಾಕಿಕೊಂಡು ಬಂದು ಅಂಕವನ್ನು ಹತ್ತಿರದಿಂದ ನೋಡಿ, "ಚುಕ್ಕೆ ತಪ್ಪು ಜಾಗದಲ್ಲಿದೆ. ಇದು ಒಂದು ಪಾಯಿಂಟ್ ಎಂಟು ಐದು ಇರ್ಬೇಕು" ಎಂದ.

"ಬೋಸ್ಟನ್ ಜಡ್ಜ್‌ಗೂ ಚುಕ್ಕೆ ತಪ್ಪಿದ್ಯಾ ಭಾವ?" ಎಂದ ಎವರಿಸ್ತೊ.

ಮರುದಿನವೇ ಅರ್ಮಿಂದೊ ಲಾವೋಯಿಯನ್ನು ಕರೆಸಿದ. ಅವನದು ಕೇರಿಗೇ ಚೊಕ್ಕ ಮನೆ. ಹೊರಗೆ ಪ್ಲಾಸ್ಟಿಕ್ ಹೊದಿಕೆ, ಹೊಸ ಅಲ್ಯೂಮಿನಿಯಂ ಕಿಟಕಿಗಳು, ಒಳಗೆ ಗೋಡೆಗಳೆಲ್ಲ ಹೊಸವು. ಯಂತ್ರ ಎಲ್ಲಿಟ್ಟರೂ ಸೊನ್ನೆ ಪಾಯಿಂಟ್ ಎರಡು ಎಂದೇ ನೀಲಿ ಪೆನ್ಸಿಲು ಬರೆಯಿತು.

"ನಿಮ್ಮ ಮನೇಲಿ ಏನೂ ಇಲ್ಲ" ಎಂದ ಲಾವೋಯಿ.

"ಏನೂ ಇಲ್ವಾ? ಸರಿಯಾಗಿ ನೋಡಿ ಸ್ವಾಮಿ. ನೆಲಮಾಳಿಗೆ ನೋಡಿದ್ರಾ?"

"ನೋಡ್ದೆ. ಅಲ್ಲೂ ಏನಿಲ್ಲ."

"ಮೆಟ್ಟಿಲ ಕೆಳಗೆ?"

"ನಿಮ್ಮ ಮನೇಲಿ ಎಲ್ಲೂ ಏನೂ ಇಲ್ಲ ಅಂದ್ನಲ್ಲ!" ಎಂದು ಲಾವೋಯಿ ಗಡಿಯಾರ ನೋಡಿಕೊಂಡ. ಅರ್ಮಿಂದೊನ ಮುಖ ಹುಳ್ಳಗಾಯಿತು. ಜೀವಮಾನದಲ್ಲಿ ಹದಿನೇಳಕ್ಕಿಂತ ಕೆಳಗಿಳಿಯದವನು! ಇನ್‌ಸ್ಪೆಕ್ಟರ ಬೆನ್ನು ತಿರುಗಿದ್ದೇ ತಡ, ಪಾತ್ರೆ ತಿಕ್ಕುವ ಬ್ರಷ್ಷು ತಂದು ಆ ನೀಲಿ ಅಂಕಗಳನ್ನೆಲ್ಲ ಉಜ್ಜಿ ಅಳಿಸಿದ. ಆದರೂ ಸುದ್ದಿ ರಸ್ತೆ ದಾಟಿ ಬಂತು. ಆ ರಾತ್ರಿ ಎವರಿಸ್ತೊ ಸಾರಿನ ಪಾತ್ರೆ ಮುಂದೆ ನಿಂತು, "ಪಾಪ, ಭಾವನಿಗೆ ಇನ್ನೆರಡು ಸೌಟು ಹಾಕಿ. ಸಪ್ಲಿಮೆಂಟರಿಗೆ ಓದ್ಬೇಕಲ್ಲ" ಎಂದ. ಜನ ಬಿದ್ದು ಬಿದ್ದು ನಕ್ಕರು. ನಲವತ್ತು ವರ್ಷದ ಹಸಿವು ತೀರಿಸಿಕೊಳ್ಳುತ್ತಿದ್ದವನನ್ನು ಯಾರು ತಡೆಯುತ್ತಾರೆ?

ಮರುದಿನ ಅರ್ಮಿಂದೊ ಒಂದು ಲಾರಿ ಮಾಡಿಕೊಂಡು ಕಾಣೆಯಾದ. ಮಧ್ಯಾಹ್ನ ಹಿಂದಿರುಗಿದಾಗ ಲಾರಿಯಲ್ಲಿ, ಕೆಡವಿದ ಹಳೆಯ ಗಿರಣಿಯೊಂದರ ಎರಡು ಕಿಟಕಿಗಳು, ಒಂದು ಬಾಗಿಲು ಇದ್ದವು. ಬಣ್ಣ ಮೊಸಳೆಯ ಚರ್ಮದ ಹಾಗೆ ಬಿರಿದಿತ್ತು. ಗಂಡಾಳು ನಾಲ್ವರು ಎತ್ತಲಾರದೆ ಎತ್ತಿದರು. ಅರ್ಮಿಂದೊ ತನ್ನ ಹೊಸ ಕಿಟಕಿಗಳನ್ನು ಕಿತ್ತು ಅಂಗಳಕ್ಕೆಸೆದು, ಇವನ್ನು ಸುತ್ತಿಗೆಯಲ್ಲಿ ಬಡಿದು ಬಡಿದು ಕೂರಿಸಿದ. ಬಡಿದಾಗಲೆಲ್ಲ ಬಿಳಿ ಪುಡಿ ಎದ್ದು ಮನೆಯೊಳಗೆಲ್ಲ ಹರಡಿತು. "ಅಣ್ಣಂಗೆ ತಲೆ ಕೆಟ್ಟಿದೆ" ಎಂದು ಒಲಿಂಪಿಯ ಕಿಟಕಿಯಲ್ಲಿ ನಿಂತು ಅತ್ತಳು; ಎವರಿಸ್ತೊ ಮಾತ್ರ ಸಾರಿನ ಹಂಡೆ, ಹೂವುಗಳ ಗಡಿಬಿಡಿಯಲ್ಲಿ ಆ ಕಡೆ ತಲೆಹಾಕಲೇ ಇಲ್ಲ.

ಆ ಸಂಜೆ ಜಪಕ್ಕೆ ಎವರಿಸ್ತೊ ಲಾವೋಯಿಯನ್ನು ಮುಖ್ಯ ಅತಿಥಿಯಾಗಿ ಕರೆದಿದ್ದ. "ಊಟ ಮಾಡ್ಕೊಂಡು, ಮನೆ ಬಗ್ಗೆ ನಾಲ್ಕು ಮಾತಾಡಿ ಹೋಗಿ" ಎಂದಿದ್ದ. ಮನೆಯ ವಿಷಯ ಕೂತು ಮಾತಾಡಲು ತನಗೂ ಇದೇ ಸಮಯ ಎಂದುಕೊಂಡು ಆ ಮನುಷ್ಯ ಬಂದ. ಕಾರಿನಿಂದ ಇಳಿಯುತ್ತಿದ್ದಂತೆಯೇ ಅರ್ಮಿಂದೊ ಅವನ ತೋಳು ಹಿಡಿದ.

"ಮೊದ್ಲು ನಮ್ಮನೆ. ಒಂದೇ ನಿಮಿಷ. ಮಷೀನ್ ತಗೊಳ್ಳಿ."

ಲಾವೋಯಿ ಗಿರಣಿಯ ಕಿಟಕಿಗೆ ಯಂತ್ರ ಒತ್ತಿದ. ಕೀಂ.

"ಹದಿನಾಲ್ಕು" ಎಂದ ಲಾವೋಯಿ, ತನ್ನ ಕಣ್ಣನ್ನೇ ನಂಬದೆ.

"ಹದಿನಾಲ್ಕು!" ಎಂದು ಅರ್ಮಿಂದೊ ಬೀದಿಗೆ ಕೇಳುವಂತೆ ಕೂಗಿದ. "ಪಾಸು ಕಣ್ರಪ್ಪೋ!"

ಹಬ್ಬದ ಬ್ಯಾಂಡಿನವನೊಬ್ಬ ಖುಷಿಗೆ ತುತ್ತೂರಿ ಊದಿದ. ಲಾವೋಯಿ ಮೆಟ್ಟಿಲ ಮೇಲೆ ಕುಸಿದು ಕುಳಿತ. "ನಿನ್ನೆ ಇದು ಇರ್ಲಿಲ್ಲ. ನೀವೇ ತಂದು ಹಾಕಿದ್ರಾ? ಬೇಕು ಅಂತಾನೇ?" ಎಂದು ಕೇಳಿದ.

"ಒಂದೇ ದಿನದ ಓದು" ಎಂದ ಅರ್ಮಿಂದೊ ವಿನಯದಿಂದ.

ಲಾವೋಯಿ ಏನೋ ಗೊಣಗುತ್ತ ರಸ್ತೆ ದಾಟಿ, ನಮ್ಮ ಮೆಟ್ಟಿಲು ಹತ್ತಿ ಮುಂಕೋಣೆಗೆ ಬಂದ. ಅಲ್ಲಿ ಮಕ್ಕಳ ಸಾಲಿತ್ತು. ಎಲ್ಲರ ಮುಂದೆ, ಜಪಕ್ಕೆಂದು ಬಂದಿದ್ದ ಸೆಲೆಸ್ತಳ ಮಗಳು, ಶಾಲೆಗೇ ಸೇರದ ಕೂಸು, ಮುಂದಕ್ಕೆ ಇರಲಿ ಎಂದು ಕಿಟಕಿಕಟ್ಟೆಗೆ ಹಣೆ ಒತ್ತಿ ನಿಂತಿತ್ತು. ಎವರಿಸ್ತೊ ಕರಿ ಸೂಟಿನಲ್ಲಿ ಪಕ್ಕದಲ್ಲೇ ನಿಂತು, "ಇನ್ನೂ ಸ್ವಲ್ಪ ಒತ್ತು ಪುಟ್ಟಾ" ಎನ್ನುತ್ತಿದ್ದ.

"ಆ ಮಗೂನ ಎತ್ಕೊಳ್ರೀ!" ಎಂದು ಲಾವೋಯಿ ಕಿರುಚಿದ. ಅವನಲ್ಲಿ ಅಷ್ಟು ದನಿ ಇದೆಯೆಂದು ನಾನು ಅಂದುಕೊಂಡಿರಲಿಲ್ಲ. "ಎಲ್ರೂ ಕಿಟಕಿಯಿಂದ ದೂರ ಬನ್ನಿ! ಎಷ್ಟಿರ್ಬೇಕು ಗೊತ್ತಾ ಇದು? ಒಂದಕ್ಕಿಂತ ಕಮ್ಮಿ! ಒಂದು! ವಿಷ ಇದು. ಇದರ ಪುಡಿ ಮಕ್ಕಳ ಬಾಯಿಗೆ ಹೋದ್ರೆ ತಲೆಗೇ ಏಟು. ಓದು ಹತ್ತಲ್ಲ!"

ಇಂಗ್ಲಿಷು ಬಾರದ ಮುದುಕಿಯರೆಲ್ಲ ನನ್ನ ಕಡೆ ತಿರುಗಿ, "ಏನಂತೆ ಇದಾಲಿನಾ? ಹತ್ತೊಂಬತ್ತು ಮಾಡಿದ್ರಾ?" ಎಂದರು. ನಾನು ಹೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಬೇಕಾಯಿತು. ಆಲ್ದಾ ಮೊಮ್ಮಗನ ಹಣೆಯನ್ನು ಸೆರಗಿನಂಥ ತನ್ನ ಕರಿ ಶಾಲಿನಿಂದ ಚರ್ಮ ಕಿತ್ತುಬರುವ ಹಾಗೆ ಉಜ್ಜತೊಡಗಿದಳು. ಸೆಲೆಸ್ತ್ ಮಗಳನ್ನು ಬಾಚಿ ತಬ್ಬಿಕೊಂಡು ಎವರಿಸ್ತೊನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ," ಎಂದ ಎವರಿಸ್ತೊ, "ನಾನು ಫೇಲಾ?"

ಬಾಗಿಲಲ್ಲಿ ನಿಂತಿದ್ದ ಅರ್ಮಿಂದೊ ಅಭ್ಯಾಸಬಲದಿಂದ, "ಒಂಬತ್ತು ತಗೊಂಡವನ ಕೈಗೆ..." ಎಂದು ಶುರುಮಾಡಿದವನು, ತನ್ನ ಕೋಟಿನ ಮೇಲಿನ ಬಿಳಿ ಪುಡಿ ಕಂಡು ಅಲ್ಲಿಗೇ ನಿಲ್ಲಿಸಿದ.

ಮಗುವಿನ ಹಣೆಯ ಮೇಲೆ ಬಣ್ಣದ ಒಂದು ಚಕ್ಕೆ ಅಂಟಿಕೊಂಡಿತ್ತು. ಎವರಿಸ್ತೊ ಕರವಸ್ತ್ರ ಒದ್ದೆ ಮಾಡಿ ತಂದು ತಾನೇ ಅದನ್ನು ಒರೆಸಿದ. ನನಗೆ ಅವನ ಮೇಲೆ ಕೋಪ ಬಂತು, ಅವನಿಗಾಗಿ ಅಳುವೂ ಬಂತು. ಒರೆಸಿ ಮುಗಿಸಿ ಎಲ್ಲರ ಕಡೆ ತಿರುಗಿದ.

"ಈ ಕಿರೀಟ ಮಗು ತಲೆ ಮೇಲೆ ಇಡೋದು. ಮಕ್ಕಳು ಕಾಲಿಡಬಾರದ ಮನೇಲಿ ಇದು ಇರ್ಬಾರ್ದು. ಈಗ್ಲೇ ಭಾವನ ಮನೆಗೆ ಹೋಗ್ಲಿ. ಅವರದು ಸೊನ್ನೆ ಪಾಯಿಂಟ್ ಎರಡು." ಕರವಸ್ತ್ರ ಮಡಚಿ ಜೇಬಿಗಿಟ್ಟ. "ಪಾಸಾಗಿರೋದು ಅವರೇ."

ಆ ಮಾತು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಎಲ್ಲರೂ ಅರ್ಮಿಂದೊನನ್ನು ನೋಡಿದರು. ಅರ್ಮಿಂದೊ ನೆಲ ನೋಡಿದ.

"ಅದು... ನಿನ್ನೆವರೆಗೂ ಪಾಸಾಗಿದ್ದೆ" ಎಂದ.

ಹಳೆಯ ಮನೆಗಳ ಕೇರಿ ನಮ್ಮದು, ಯಾವ ಮನೆಯ ಗೋಡೆಯೊಳಗೆ ಏನಿದೆಯೋ ಎಂದು ಎಲ್ಲರ ತಲೆಯಲ್ಲೂ ಒಂದೇ ಯೋಚನೆ. "ನಮ್ಮನೆಗೆ ಬನ್ನಿ" ಎನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ. ಆಗ ಒಲಿಂಪಿಯ ಲಾವೋಯಿಯ ಪಕ್ಕಕ್ಕೆ ಸರಿದಳು.

"ನಿಮ್ಮ ಮನೆ ಹಳೇದಾ?"

"ಇಲ್ಲ. ಹೊಸದು, ಪಕ್ಕದೂರು ಸ್ವಾನ್ಸಿಯಲ್ಲಿ. ಯಾಕೆ?"

"ಸೋಫಾ ಸರಿಸಿದ್ರೆ ಎಷ್ಟು ಜನ ಕೂರ್ಬಹುದು?"

ಹಬ್ಬಕ್ಕೆ ಉಳಿದಿದ್ದ ದಿನಗಳಷ್ಟೂ ಪವಿತ್ರಾತ್ಮನ ಕಿರೀಟ ಊರಾಚೆ ಇನ್‌ಸ್ಪೆಕ್ಟರ ಟೀವಿಯ ಮೇಲಿತ್ತು. ಬ್ಯಾಂಡು, ಹೂವು, ಪುದೀನ ಹಾಕಿದ ದನದ ಮಾಂಸದ ಸಾರಿನ ಹಂಡೆ ಎಲ್ಲವೂ ಪ್ರತಿ ಸಂಜೆ ಕಾರುಗಳಲ್ಲಿ ಅಲ್ಲಿಗೆ ಹೋದವು. ಮೊದಲ ದಿನ ಪಕ್ಕದ ಮನೆಯವರು ಗಾಬರಿಯಾಗಿ ಪೊಲೀಸರಿಗೆ ಫೋನು ಮಾಡಿದರು. ಬಂದ ಪೊಲೀಸನೂ ಎರಡು ಬಟ್ಟಲು ಸಾರು ಕುಡಿದ. ಲಾವೋಯಿಯ ಹೆಂಡತಿ ಮೊದಲು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡಳು, ಎರಡನೆಯ ಸಂಜೆ ಇಣುಕಿದಳು, ಕೊನೆಗೆ ಜಪಮಾಲೆ ಹಿಡಿದು ಕುಳಿತಳು. ಕಿರೀಟ ಹೊತ್ತು ಒಳಗೆ ಹೋದವರು ಎವರಿಸ್ತೊ ಮತ್ತು ಅರ್ಮಿಂದೊ, ಒಂದೊಂದು ಕಡೆ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ. ಮಕ್ಕಳ ರಕ್ತಪರೀಕ್ಷೆಯಾಯಿತು. ದೇವರು ದೊಡ್ಡವನು, ಒಂದು ಮಗುವಿಗೂ ಏನೂ ಆಗಿರಲಿಲ್ಲ.

ಸೆಲೆಸ್ತ್ ಬೇರೆ ಮನೆ ನೋಡಿಕೊಳ್ಳುತ್ತಾಳೆಂದೇ ನಾವು ತಿಳಿದಿದ್ದೆವು. ಎವರಿಸ್ತೊ ಅವಳ ಮುಂದೆ ಟೋಪಿ ತಿರುಚುತ್ತ ನಿಂತು, "ಮನೆ ಸರಿ ಮಾಡಿಸ್ತೀನಿ ಕಣಮ್ಮ. ಎಷ್ಟು ದಿನ ಆಗುತ್ತೋ ಗೊತ್ತಿಲ್ಲ. ನಿನ್ನ ಕೂಸಿಗೆ ತೊಂದ್ರೆ ಆಗದ ಹಾಗೆ ಮಾಡಿಸ್ತೀನಿ" ಎಂದ. ಅವಳು ಮಗಳ ಕಡೆ ನೋಡಿ, "ಕಾಯ್ತೀನಿ. ಆದ್ರೆ ಈ ಸಲ ರಿಸಲ್ಟ್ ನಾನೇ ಕೇಳ್ತೀನಿ" ಎಂದಳು.

ಬಿಳಿ ಉಡುಪಿನ ಕೆಲಸದವರು ಬಂದು ಮನೆಗೆಲ್ಲ ಪ್ಲಾಸ್ಟಿಕ್ ಸುತ್ತಿದರು. ನಾವು ಮೂವರೂ ನನ್ನ ತಂಗಿಯ ಮನೆಯಲ್ಲಿ ಒತ್ತಿಕೊಂಡು ಮಲಗಿದೆವು. ಚಿಕ್ಕಪ್ಪನ ಕಿಟಕಿಗಳು, ಬಾಗಿಲುಗಳು ಎಲ್ಲ ಹೋದವು. ಅವನ್ನು ಹೊತ್ತೊಯ್ಯುವಾಗ ಎವರಿಸ್ತೊ ರಸ್ತೆ ಬದಿಯಲ್ಲಿ ನಿಂತು ಒಂದೊಂದನ್ನೂ ನೋಡಿದ. ಎದುರು ಮನೆಗೂ ಪ್ಲಾಸ್ಟಿಕ್ ಸುತ್ತಿದ್ದರು. ಅರ್ಮಿಂದೊ ಬಡಿದೆಬ್ಬಿಸಿದ ಪುಡಿ ನೆಲದ ಸಂದಿ, ಮೆಟ್ಟಿಲು, ಹಾಸಿಗೆ ಎಲ್ಲೆಲ್ಲೂ ಹೊಕ್ಕು ಕೂತಿತ್ತು. ಗಿರಣಿಯ ಕಿಟಕಿ ಕಿತ್ತೆಸೆದ ಮೇಲೂ ಅವನ ಮನೆ ಪರೀಕ್ಷೆಯ ಮೇಲೆ ಪರೀಕ್ಷೆ ಕಟ್ಟುತ್ತಲೇ ಇತ್ತು.

ಲಾವೋಯಿ ಮತ್ತೆ ಬಂದ ದಿನ ಎರಡನೆಯ ಅಂತಸ್ತಿನಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಸೆಲೆಸ್ತ್ ಮಗಳನ್ನು ಮೆಟ್ಟಿಲ ಕೆಳಗೇ ಗಂಡನ ಕೈಲಿ ಬಿಟ್ಟು ಬಂದಿದ್ದಳು. ಲಾವೋಯಿ ಯಂತ್ರವನ್ನು ಕಿಟಕಿಗೆ ಒತ್ತಿದ. ಕೀಂ. ಬಾಗಿಲಿಗೆ. ಕೀಂ. ಗೋಡೆಗೆ, ಕಟ್ಟೆಗೆ, ಚೌಕಟ್ಟಿಗೆ. ಎವರಿಸ್ತೊ ಕಣ್ಣು ಮುಚ್ಚಿಕೊಂಡಿದ್ದ.

"ಎಷ್ಟು?" ಎಂದಳು ಸೆಲೆಸ್ತ್.

"ಸೊನ್ನೆ. ಎಲ್ಲಾ ಕಡೆ ಸೊನ್ನೆ" ಎಂದ ಲಾವೋಯಿ. ಆ ಮನುಷ್ಯ ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ಸೆಲೆಸ್ತ್ ಕೆಳಗಿಳಿದು ಹೋಗಿ ಮಗಳನ್ನು ಕರೆತಂದಳು. ಕೂಸು ಖಾಲಿ ಕೋಣೆಯಲ್ಲಿ ಈ ತುದಿಯಿಂದ ಆ ತುದಿಗೆ ದಡದಡ ಓಡಿತು. ಎವರಿಸ್ತೊ ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು, ಮೂಗೊರೆಸಿಕೊಂಡು, ಹೊಸ ಕಿಟಕಿ ತೆರೆದು ತಲೆ ಹೊರಗೆ ಹಾಕಿದ. ಎದುರು ಮೆಟ್ಟಿಲ ಮೇಲೆ ಅರ್ಮಿಂದೊ ಒದ್ದೆ ಬಟ್ಟೆ, ಬಕೆಟ್ಟು ಇಟ್ಟುಕೊಂಡು ಮಂಡಿಯೂರಿ ಕೂತಿದ್ದ.

"ಎಷ್ಟು ಬಂತೋ?" ಎಂದು ಅರ್ಮಿಂದೊ ಕೂಗಿದ.

"ಸೊನ್ನೆ ಭಾವ! ಪೂರ್ತಿ ಸೊನ್ನೆ!"

ಅರ್ಮಿಂದೊ ಮೆಲ್ಲಗೆ ಎದ್ದು ನಿಂತ. ಟೋಪಿ ತೆಗೆದ. "ಒಳ್ಳೇದಾಯ್ತು ಕಣಯ್ಯಾ," ಎಂದ, ಮನಸಾರೆಯೇ ಎಂದ. ಆಮೇಲೆ ಬಕೆಟ್ಟಿನ ಕಡೆ ನೋಡಿ ದನಿ ತಗ್ಗಿಸಿದ. "ನಂದು ಇನ್ನೂ ಮೂರರಲ್ಲೇ ಇದೆ."

"ಬೇಜಾರು ಮಾಡ್ಕೋಬೇಡಿ ಭಾವ," ಎಂದ ಎವರಿಸ್ತೊ. "ಮನಸ್ಸಿಟ್ಟು ಕೂತ್ರೆ ನಿಮಗೂ ಸೊನ್ನೆ ಬರುತ್ತೆ."